ರಾಣಿಯ ಚಮಚ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ನಗರದ ಕೋಟೆಯನ್ನು ನೀವು ಚಿತ್ರಗಳಲ್ಲಾದರೂ ಕಂಡಿರಬಹುದು. ಸುಮಾರು 35 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯೊಂದು ಆರಿ ಉಳಿದ ಕಪ್ಪು ಬಂಡೆಯ ಮೇಲೆ, ನಗರದ ನಡುಮಧ್ಯದಲ್ಲಿ ಅದು ನಿಂತಿದೆ. ಮುತ್ತಿಗೆ, ಸೆರೆಮನೆ, ಫಿರಂಗಿ ಇವೇ ಅದರ ಇತಿಹಾಸದ ಹೆಚ್ಚಿನ ಪುಟಗಳನ್ನು ತುಂಬಿವೆ. ಆದರೆ ಅಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ಕಟ್ಟಡ ಯುದ್ಧಕ್ಕಾಗಿ ಕಟ್ಟಿದ್ದಲ್ಲ. ಅದೊಂದು ಪುಟ್ಟ ಪ್ರಾರ್ಥನಾಲಯ. ಇಪ್ಪತ್ತೈದು ಮಂದಿ ಒಟ್ಟಿಗೆ ಕುಳಿತರೆ ಮೊಣಕೈಗೆ ಮೊಣಕೈ ತಾಗೀತು, ಅಷ್ಟು ಪುಟ್ಟದು.

ಅಲ್ಲಿಗೆ ಹೋದವರು ನಾವು ನಾಲ್ವರು ಗೆಳತಿಯರು, ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿ ನಿವೃತ್ತರಾದವರು. ಒಬ್ಬರ ಮಗಳು ಆ ನಾಡಿನಲ್ಲಿ ನೆಲೆಸಿದ್ದರಿಂದ ಒದಗಿದ ಅವಕಾಶವದು. ನಮ್ಮಲ್ಲಿ ಹಿರಿಯರಾದ ಟೀಚರ್ ಹತ್ತು ತಿಂಗಳ ಹಿಂದಷ್ಟೇ ಪತಿಯನ್ನು ಕಳೆದುಕೊಂಡಿದ್ದರು. ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಹೊರಟಿದ್ದರು. ಅವರ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೂ ಊಟದ ನಂತರದ ಕೃತಜ್ಞತಾ ಪ್ರಾರ್ಥನೆಯನ್ನೂ ಹೇಳುತ್ತಿದ್ದವರು ಯಜಮಾನರು. ಅವರು ಹೋದ ಮೇಲೆ ಅದು ನಿಂತುಹೋಗಿತ್ತು. "ಆ ದನಿ ಇಲ್ಲದೆ ಆ ಮಾತುಗಳು ನನ್ನ ಬಾಯಿಗೆ ಬರುವುದಿಲ್ಲ" ಎಂದು ರೈಲಿನಲ್ಲಿ ಕುಳಿತಾಗ ಒಮ್ಮೆ ಹೇಳಿದ್ದರು. ಮತ್ತೆ ಆ ಮಾತನ್ನು ನಾವು ಯಾರೂ ಎತ್ತಲಿಲ್ಲ.

ಆ ಪ್ರಾರ್ಥನಾಲಯವಿರುವುದು ಸಂತ ಮಾರ್ಗರೇಟರ ಹೆಸರಿನಲ್ಲಿ. ಇಂಗ್ಲೆಂಡಿನ ರಾಜವಂಶಕ್ಕೆ ಸೇರಿ, ದೂರದ ಹಂಗೆರಿಯಲ್ಲಿ ಹುಟ್ಟಿದವರು ಅವರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಆಶ್ರಯ ಅರಸಿ ಸ್ಕಾಟ್ಲೆಂಡಿಗೆ ಬಂದು, ಅಲ್ಲಿನ ದೊರೆ ಮೂರನೆಯ ಮಾಲ್ಕಮನ ಕೈಹಿಡಿದರು. ಎಂಟು ಮಕ್ಕಳ ತಾಯಿಯಾದರು. ಆ ಮಕ್ಕಳಲ್ಲಿ ಮೂವರು ಒಬ್ಬರ ನಂತರ ಒಬ್ಬರು ಸ್ಕಾಟ್ಲೆಂಡನ್ನು ಆಳಿದರು. ಕಿರಿಯನಾದ ಡೇವಿಡ್ ದೊರೆ ತಾಯಿಯ ನೆನಪಿಗಾಗಿ ಸುಮಾರು 1130ರಲ್ಲಿ ಈ ಪ್ರಾರ್ಥನಾಲಯವನ್ನು ಕಟ್ಟಿಸಿದನು. 1314ರಲ್ಲಿ ಕೋಟೆಯನ್ನು ಕೆಡವಿದಾಗಲೂ ಇದನ್ನು ಮಾತ್ರ ಉಳಿಸಲಾಯಿತು. ಮುಂದೆ ಇದೇ ಗೋಡೆಗಳ ನಡುವೆ ಮದ್ದಿನ ಪುಡಿಯನ್ನು ತುಂಬಿಟ್ಟರು. ಇದು ದೇವರ ಆಲಯವೆಂಬುದೇ ಮರೆತುಹೋಗಿ, 1845ರಲ್ಲಿ ಡೇನಿಯಲ್ ವಿಲ್ಸನ್ ಎಂಬ ವಿದ್ವಾಂಸರು ಮತ್ತೆ ಗುರುತಿಸಬೇಕಾಯಿತು. ಈಗ ಅಲ್ಲಿ ಹೂವಿಡುವ ಸೇವೆ ಮಾರ್ಗರೇಟ್ ಎಂಬ ಹೆಸರಿನ ಮಹಿಳೆಯರದು. ನಮ್ಮ ಊರುಗಳಲ್ಲಿಯೂ ಇಂಥದೊಂದು ಪದ್ಧತಿ ಇದ್ದರೆ ಮೇರಿಯರ ಸರದಿಯೇ ಮುಗಿಯದೇನೋ!

ಸಂತ ಮಾರ್ಗರೇಟರ ಜೀವನವನ್ನು ಬರೆದವರು ಅವರನ್ನು ಹತ್ತಿರದಿಂದ ಬಲ್ಲ ಟರ್ಗಾಟ್ ಎಂಬ ಮಠಾಧಿಪತಿಗಳು. ಬರೆಯಿಸಿದವರು ಇಂಗ್ಲೆಂಡಿನ ರಾಣಿಯಾಗಿದ್ದ ಮಗಳು ಮಟಿಲ್ಡಾ. ಅದರಲ್ಲಿ ಬರುವ ಒಂದು ಸಂಗತಿಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು. ಪ್ರತಿದಿನ ಬೆಳಗ್ಗೆ ದಿಕ್ಕಿಲ್ಲದ ಒಂಬತ್ತು ಕೂಸುಗಳನ್ನು ರಾಣಿಯ ಬಳಿಗೆ ಕರೆತರುತ್ತಿದ್ದರಂತೆ. ಎಳೆಯ ಮಕ್ಕಳು ಇಷ್ಟಪಡುವ ಮೆತ್ತನೆಯ ಆಹಾರವನ್ನು ಸಿದ್ಧಪಡಿಸಿಟ್ಟು, ಆ ಕೂಸುಗಳನ್ನು ಮಡಿಲಲ್ಲಿ ಕೂರಿಸಿಕೊಂಡು ರಾಣಿಯೇ ಉಣಿಸುತ್ತಿದ್ದರು. ಉಣಿಸುತ್ತಿದ್ದುದು ತಾವು ಉಣ್ಣುವ ಚಮಚದಿಂದಲೇ. ದಾನ ಕೊಟ್ಟ ಅರಸಿಯರ ಕಥೆಗಳು ಎಲ್ಲ ನಾಡುಗಳಲ್ಲೂ ಇವೆ. ಎಂಜಲಿನ ಭೇದವಿಲ್ಲದೆ ತನ್ನ ಚಮಚವನ್ನೇ ಅನಾಥ ಮಗುವಿನ ಬಾಯಿಗಿಟ್ಟ ಅರಸಿಯ ಕಥೆಯನ್ನು ನಾನು ಬೇರೆಡೆ ಓದಿಲ್ಲ.

1093ರ ನವೆಂಬರ್ 13ರಂದು ಮಾಲ್ಕಮ್ ದೊರೆ ಆಲ್ನಿಕ್ ಎಂಬಲ್ಲಿ ಹತನಾದನು. ಮಾರ್ಗರೇಟರ ಹಿರಿಯ ಮಗನೂ ಆ ಕಾಳಗದ ಗಾಯದಿಂದ ತೀರಿಕೊಂಡನು. ಮಾರ್ಗರೇಟರು ಆಗಲೇ ಕೋಟೆಯಲ್ಲಿ ರೋಗಶಯ್ಯೆಯಲ್ಲಿದ್ದರು. ಇನ್ನೊಬ್ಬ ಮಗ ಬಂದು ಸುದ್ದಿ ತಿಳಿಸಿದಾಗ ಅವರು ಮೊದಲು ಮಾಡಿದ್ದು ದೇವರಿಗೆ ಸ್ತುತಿ ಸಲ್ಲಿಸಿದ್ದು ಎಂದು, ಆಗ ಬಳಿಯಲ್ಲಿದ್ದ ಗುರುವಿನಿಂದ ಕೇಳಿ ಟರ್ಗಾಟರು ಬರೆದಿದ್ದಾರೆ. ನವೆಂಬರ್ 16ರಂದು ಅವರೂ ಕಣ್ಣುಮುಚ್ಚಿದರು. ಅದೇ ದಿನ ಇಂದು ಅವರ ಹಬ್ಬ.

ಇದನ್ನೆಲ್ಲ ನಾನು ಪ್ರಾರ್ಥನಾಲಯದ ಬೆಂಚಿನಲ್ಲಿ ಕುಳಿತು ಗೆಳತಿಯರಿಗೆ ಮೆಲುದನಿಯಲ್ಲಿ ಹೇಳುತ್ತಿದ್ದೆ. ಹಿರಿಯ ಟೀಚರ್ ಗಾಜಿನ ಕಿಟಕಿಯಲ್ಲಿದ್ದ ಸಂತ ಮಾರ್ಗರೇಟರ ಚಿತ್ರವನ್ನೇ ನೋಡುತ್ತಿದ್ದರು. "ಮೂರೇ ದಿನ. ಪುಣ್ಯವಂತೆ" ಎಂದರು. ಸ್ವಲ್ಪ ಹೊತ್ತಿನ ನಂತರ, "ಆ ಸುದ್ದಿ ಕೇಳಿ ಸ್ತುತಿಸುವುದು ಸಂತರಿಗೆ ಆಗುವ ಕೆಲಸ ಟೀಚರ್, ನಮಗಲ್ಲ" ಎಂದರು. ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರೋ ತಿಳಿಯದು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಅಲ್ಲಿಂದ ಹೊರಬಂದರೆ ಕೊರೆಯುವ ಗಾಳಿ. ಕ್ರೌನ್ ಸ್ಕ್ವೇರ್ ಎಂಬ ಒಳ ಅಂಗಳದ ಚಹಾಗೃಹವನ್ನು ಹೊಕ್ಕೆವು. ಅದೇ ಅಂಗಳದ ಅರಮನೆಯ ಒಂದು ಕಿರುಕೋಣೆಯಲ್ಲಿ 1566ರಲ್ಲಿ ಹುಟ್ಟಿದ ಜೇಮ್ಸ್‌ನ ಹೆಸರನ್ನೇ 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ ಹೊತ್ತಿದೆ. ಮಧ್ಯಾಹ್ನದ ಚಹಾ ಎಂದರೆ ಅಲ್ಲಿ ಲೋಟದಷ್ಟು ಚಹಾ ಅಲ್ಲ, ಒಂದು ಸತ್ಕಾರ. ಮೂರು ಅಂತಸ್ತಿನ ತಟ್ಟೆ ಬರುತ್ತದೆ: ಕೆಳಗೆ ಬೆರಳಗಲದ ಸ್ಯಾಂಡ್‌ವಿಚ್‌ಗಳು, ನಡುವೆ ಸ್ಕೋನ್, ಮೇಲೆ ಕೇಕಿನ ತುಣುಕುಗಳು. ಸ್ಕೋನ್ ಎಂಬುದು ನಮ್ಮ ಬನ್ನಿಗಿಂತ ಬಿಗಿ, ಬಿಸ್ಕತ್ತಿಗಿಂತ ಮೃದು. ಅದನ್ನು ಎರಡು ಹೋಳು ಮಾಡಿ ಕೆನೆಯನ್ನೂ ಜಾಮನ್ನೂ ಸವರಬೇಕು. ಕಾಫಿಯ ನಾಡಿನಿಂದ ಹೋದ ನಮಗೂ ಅದು ರುಚಿಸಿತೆಂದು ಒಪ್ಪಿಕೊಳ್ಳುತ್ತೇನೆ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬಾಕೆ, ರಾತ್ರಿಯೂಟ ತಡವಾಗುವುದರಿಂದ ಸಂಜೆಯ ಹಸಿವಿಗಾಗಿ ಈ ಪದ್ಧತಿ ಆರಂಭಿಸಿದರಂತೆ. ಆಕೆಯ ಹಸಿವಿಗೆ ಒದಗಿಬಂದ ಚಹಾದ ಹಿಂದೆ ಬೇರೆಯವರ ಹಸಿವೂ ಇದೆ. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಆ ತೋಟಗಳಲ್ಲಿ ದುಡಿಯಲು ಛೋಟಾನಾಗ್ಪುರದ ಆದಿವಾಸಿಗಳನ್ನು ತಂಡತಂಡವಾಗಿ ಸಾಗಿಸಿದರು. ಅವರ ಸಂತತಿಯಲ್ಲಿ ಬಹಳಷ್ಟು ಮಂದಿ ಇಂದು ನಮ್ಮಂತೆಯೇ ಕ್ರೈಸ್ತರು. ಒಂಬತ್ತು ಕೂಸುಗಳ ನೆನಪಿನ್ನೂ ಹಸಿಯಾಗಿದ್ದಾಗ, ಆ ಬಟ್ಟಲನ್ನು ಸುಮ್ಮನೆ ಗುಟುಕರಿಸುವುದು ನನಗೆ ಆಗಲಿಲ್ಲ.

ಮೇಜಿನ ಮುಂದೆ ನಾವು ಮೂವರು ಶಿಲುಬೆಯ ಗುರುತು ಹಾಕಿ ಮೌನವಾಗಿ ಪ್ರಾರ್ಥಿಸಿಯೇ ಆರಂಭಿಸಿದ್ದೆವು. ಹಿರಿಯ ಟೀಚರ್ ಆಗ ಕಿಟಕಿಯತ್ತ ಮುಖ ಮಾಡಿದ್ದರು. ಬಳಿಕ ಕೆಟಲನ್ನು ತಾವೇ ಎತ್ತಿಕೊಂಡು ಎಲ್ಲರ ಬಟ್ಟಲು ತುಂಬಿಸಿದರು, ತಮ್ಮದನ್ನು ಕೊನೆಗೆ. ತಿಂಡಿ ಮುಗಿಯುವ ಹೊತ್ತಿಗೆ, ಮಗಳ ಮನೆಯಿದ್ದ ಗೆಳತಿ ಆ ನಾಡಿನಲ್ಲಿ ಬಳಕೆಯಲ್ಲಿರುವ ಒಂದು ಐತಿಹ್ಯವನ್ನು ಹೇಳಿದರು. ಮಾಲ್ಕಮನ ಆಸ್ಥಾನದ ಸರದಾರರು ಉಂಡೊಡನೆ ಕೈಕೊಡವಿ ಎದ್ದುಹೋಗುತ್ತಿದ್ದರಂತೆ. ಕೃತಜ್ಞತಾ ಪ್ರಾರ್ಥನೆಯವರೆಗೆ ಕಾದು ಕುಳಿತವರಿಗೆ ರಾಣಿ ಮಾರ್ಗರೇಟರು ಕೊನೆಯಲ್ಲಿ ಒಂದು ಬಟ್ಟಲು ಒಳ್ಳೆಯ ದ್ರಾಕ್ಷಾರಸ ಕೊಡಿಸುವ ಏರ್ಪಾಡು ಮಾಡಿದರಂತೆ. ಆಮೇಲೆ ಯಾರೂ ಏಳಲಿಲ್ಲವಂತೆ!

ಎಲ್ಲರೂ ನಕ್ಕೆವು. ಹಿರಿಯ ಟೀಚರ್ ಕೂಡ ನಕ್ಕರು. ಹೊರಡೋಣವೆಂದು ನಾವು ಚೀಲಗಳಿಗೆ ಕೈಹಾಕಿದರೆ ಅವರು ಮಾತ್ರ ಏಳಲಿಲ್ಲ. "ಕೂತ್ಕೊಳ್ಳಿ ಟೀಚರ್" ಎಂದರು. ಬಳಿಕ ಶಿಲುಬೆಯ ಗುರುತು ಹಾಕಿ, ಮನೆಯಲ್ಲಿ ಯಜಮಾನರು ಹೇಳುತ್ತಿದ್ದ ಪ್ರಾರ್ಥನೆಯನ್ನು ಕನ್ನಡದಲ್ಲೇ ಹೇಳತೊಡಗಿದರು. ನಡುವೆ ಒಂದೆಡೆ ದನಿ ಕಟ್ಟಿತು. ನಾವು ಕೈಗೂಡಿಸಲಿಲ್ಲ, ಅವರೇ ಮುಂದುವರಿಸಿ ಮುಗಿಸಿದರು. ತಟ್ಟೆಗಳನ್ನು ಒಯ್ಯಲು ಬಂದಿದ್ದ ಹುಡುಗಿ ಅಷ್ಟೂ ಹೊತ್ತು ತಟ್ಟೆ ಮುಟ್ಟದೆ ನಿಂತಿದ್ದಳು. ನಾವು 'ಆಮೆನ್' ಎಂದ ಮೇಲೆ, ಕೆಟಲಿಗೆ ಇನ್ನಷ್ಟು ಬಿಸಿನೀರು ತರಲೇ ಎಂದು ಕೇಳಿದಳು.

"ತರಲಿ" ಎಂದರು ಹಿರಿಯ ಟೀಚರ್.