ದೊಡ್ಡವ್ವನ ಪದ, ಟ್ರ್ಯಾಕ್ಟರಿನ ಡಿಜೆ

ನಮ್ಮೂರ ಜಾತ್ರೆಯ ರಾತ್ರಿ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಡಿಜೆ ಬಾಕ್ಸುಗಳು, ಮುಂದೆ ಹುಡುಗರ ಕುಣಿತ. ನಾನು ಪೇಪರಿಗೆ ಫೋಟೊ ಹೊಡೆಯುತ್ತ ನಿಂತಿದ್ದೆ. ಎದೆಗೆ ಗುದ್ದುವ ಬೇಸ್ ನಡುವೆ ಒಂದು ಹೆಣ್ಣುದನಿ ಬಂತು. ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎರಡನೇ ಸಲ ಬಂದಾಗ ಗೊತ್ತಾಯಿತು, ಅದು ನಮ್ಮ ದೊಡ್ಡವ್ವನ ದನಿ.

ಮೂರು ವರ್ಷದ ಹಿಂದೆ ಆಕೆ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದವನ್ನು ನಾನೇ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದೆ. ರಿಮಿಕ್ಸ್ ಮಾಡಿದವನು ಪಕ್ಕದೂರಿನ ಡಿಗ್ರಿ ಹುಡುಗ. ಜಗಳಕ್ಕೆಂದೇ ಹೋದೆ. ಅವನು ಚಹಾ ತರಿಸಿ, ಲ್ಯಾಪ್‌ಟಾಪಿನಲ್ಲಿ ಎಫ್ಎಲ್ ಸ್ಟುಡಿಯೊ ತೆರೆದು ತೋರಿಸಿದ.

ಮೊದಲು ಒಂದು ಆ್ಯಪ್‌ನಲ್ಲಿ ದನಿ ಬೇರೆ, ಕಲ್ಲಿನ ಸದ್ದು ಬೇರೆ ಮಾಡಿದ್ದಾನೆ. ಆಮೇಲೆ ದನಿಯನ್ನು ಏರಿಸಿ, ವೇಗ ಹೆಚ್ಚಿಸಿ, ನಿಮಿಷಕ್ಕೆ 130 ಬೀಟ್ ಲೆಕ್ಕಕ್ಕೆ ಕೂಡಿಸಿದ್ದಾನೆ. ಡಿಜೆ ಹಾಡಿನಲ್ಲಿ ಪ್ರತಿ ಬೀಟೂ ಗೆರೆ ಹೊಡೆದಂತೆ ಸಮ ಬೀಳಬೇಕು. ಬೀಸುವ ಪದಕ್ಕೆ ಆ ಲೆಕ್ಕವೇ ಇಲ್ಲ. ಕೈ ಸೋತರೆ ಪದ ನಿಧಾನ. ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುವಾಗ ದನಿ ಚೂರು ನಿಲ್ಲುತ್ತದೆ. ಅವನು ಆ ನಿಲುಗಡೆಗಳನ್ನೆಲ್ಲ ಕತ್ತರಿಸಿದ್ದ. ಕೆಲಸ ಚೊಕ್ಕ ಇತ್ತು, ಸುಳ್ಳು ಹೇಳಲಾರೆ. ಜಾತ್ರೆಯಲ್ಲಿ ನನ್ನ ಕಾಲೂ ಕುಣಿದಿತ್ತು.

"ಹಾಡಿದವ್ರ ಹೆಸರು ಯಾಕ ಹಾಕಿಲ್ಲ?" ಅಂದೆ.

"ಅಣ್ಣಾರ, ನಿಮ್ಮ ವಿಡಿಯೋದಾಗೂ ಇರಲಿಲ್ಲಲ್ರೀ."

ತೆಗೆದು ನೋಡಿದರೆ ನಿಜ. ನಾನು ಕೊಟ್ಟ ಹೆಡ್ಡಿಂಗು 'ಹಳ್ಳಿ ಅಜ್ಜಿಯ ಅದ್ಭುತ ಹಾಡು'. ಸುದ್ದಿಯಲ್ಲಿ ಮೊದಲು 'ಯಾರು' ಬರಬೇಕು ಅಂತ ಡಿಪ್ಲೊಮಾದಲ್ಲಿ ಕಲಿತವನು ನಾನು.

ಅಮೆರಿಕದ ಮೊಬಿ ಎಂಬ ಡಿಜೆ 1999ರಲ್ಲಿ 'ಪ್ಲೇ' ಅನ್ನೋ ಆಲ್ಬಂ ತಂದರು. ಅದರ 'ನ್ಯಾಚುರಲ್ ಬ್ಲೂಸ್' ಹಾಡಿನಲ್ಲಿ ಕೇಳುವುದು ಅಲಬಾಮಾದ ವೆರಾ ಹಾಲ್ ದನಿ. ಮಂದಿಯ ಬಟ್ಟೆ ಒಗೆದು, ಅಡುಗೆ ಮಾಡಿ ಬದುಕಿದ ಕಪ್ಪು ಹೆಣ್ಣುಮಗಳು ಆಕೆ. ತೀರಿಕೊಂಡಿದ್ದು 1964ರಲ್ಲಿ, ಅಂದರೆ ತನ್ನ ದನಿಗೆ ಜಗತ್ತು ಕುಣಿದಿದ್ದು ಆಕೆಗೆ ಗೊತ್ತೇ ಆಗಲಿಲ್ಲ. 2021ರಲ್ಲಿ ಮೊಬಿ ಅದೇ ಹಾಡನ್ನು ಬೇರೆ ಗಾಯಕರಿಂದ ಹಾಡಿಸಿ, ಆರ್ಕೆಸ್ಟ್ರಾ ಕಟ್ಟಿ ಮತ್ತೆ ಬಿಟ್ಟರು. ಆದರೆ ವೆರಾ ಹಾಲ್ ದನಿ ಹಿಡಿದಿಟ್ಟ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಹೆಸರನ್ನೂ ಬರೆದಿಟ್ಟಿದ್ದರು. ಅದಕ್ಕೇ ಇವತ್ತು ಆ ಹೆಸರು ನಮ್ಮವರೆಗೂ ಬಂದಿದೆ.

ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಗಿ, ಹಾಡಿದವರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಬಂದಿದೆ. ಇದನ್ನೆಲ್ಲ ಓದಿಕೊಂಡು ದೊಡ್ಡವ್ವನ ಹತ್ತಿರ ಹೋಗಿ ರಿಮಿಕ್ಸ್ ಹಚ್ಚಿದೆ. ಆಕೆ ಫೋನನ್ನು ಕಿವಿಗೆ ಒತ್ತಿಕೊಂಡು ಎರಡು ಸಲ ಕೇಳಿದಳು.

"ಇದು ನನ್ನ ದನಿ ಅಲ್ಲ ತಗೋ, ಯಾವ್ದೋ ಹುಡುಗೀದು" ಅಂತ ನಕ್ಕಳು. ಆಮೇಲೆ ನಗು ನಿಂತಿತು. "ನಮ್ಮಣ್ಣನ ನುಡಿ ಎಲ್ಲೈತಿ?"

ಮೂರನೇ ನುಡಿಯಲ್ಲಿ ಆಕೆಯ ತವರೂರು, ಅಣ್ಣನ ಹೆಸರು ಬರುತ್ತದೆ. ಆ ಅಣ್ಣ ಈಗಿಲ್ಲ. ಹುಡುಗ ಅದನ್ನು ಪೂರ್ತಿ ತೆಗೆದಿದ್ದ. ನಾನು ಹತ್ತು ಸಲ ಕೇಳಿದ್ದರೂ ನನಗೆ ಅದು ಹೊಳೆದೇ ಇರಲಿಲ್ಲ.

"ನಿನ್ನ ಹೆಸರು ಹಾಕಸ್ತೀನಿ ದೊಡ್ಡವ್ವ."

"ನನ್ನ ಹೆಸರು ಯಾಕೋ ತಮ್ಮಾ, ಮಂದಿ ನಗ್ತಾರ. ಅಣ್ಣನ ನುಡಿ ಹಾಕಸು."

ಅದಕ್ಕೇ ಇಲ್ಲೂ ಆಕೆ ಬರೀ ದೊಡ್ಡವ್ವ. ಈ ಸಲ ಕೇಳಿಯೇ ಬರೆದಿದ್ದೇನೆ.

ಹುಡುಗನಿಗೆ ಹೇಳಿದರೆ, "ಅಲ್ಲಿ ಡ್ರಾಪ್ ಬರ್ತೈತ್ರೀ ಅಣ್ಣಾರ, ಕೂಡಂಗಿಲ್ಲ" ಅಂದ. ಎಂಟು ದಿನ ಬಿಟ್ಟು ವಾಟ್ಸಾಪಿಗೆ ಹೊಸ ಫೈಲ್ ಬಂತು. ಡ್ರಾಪಿಗೆ ಮುಂಚೆ ಬೇಸ್ ಪೂರ್ತಿ ನಿಲ್ಲುತ್ತದೆ. ಬೀಸುಕಲ್ಲಿನ ಗರಗರ, ಅದರ ಮೇಲೆ ಏರಿಸದ, ಓಡಿಸದ ದನಿಯಲ್ಲಿ ಅಣ್ಣನ ನುಡಿ. ದೊಡ್ಡವ್ವ ಅಷ್ಟನ್ನೇ ಮತ್ತೆ ಮತ್ತೆ ಹಚ್ಚಿಸುತ್ತಾಳೆ. ಕುಣಿಯೋ ಭಾಗ ಬಂದ ಕೂಡಲೇ "ಸಾಕು, ಬಂದ್ ಮಾಡು" ಅನ್ನುತ್ತಾಳೆ.

ಹಳೆಯ ಫೈಲ್ ಮಾತ್ರ ಎಷ್ಟು ಪೆನ್‌ಡ್ರೈವ್ ಹೊಕ್ಕಿದೆಯೋ! ಹೋದ ವಾರ ಒಂದು ಮದುವೆ ಮೆರವಣಿಗೆಯಲ್ಲಿ ಬಾರಿಸುತ್ತಿದ್ದುದೂ ಅದನ್ನೇ.