ನೋವಿಲ್ಲದ ಊತ

ಹಲ್ಲುನೋವು ಬಂದರೆ ನಮ್ಮ ಕಡೆ ಲವಂಗ ಕಚ್ಚಿಕೊಳ್ತಾರೆ, ಉಪ್ಪುನೀರು ಮುಕ್ಕಳಿಸ್ತಾರೆ, ಅದಕ್ಕೂ ಬಗ್ಗದಿದ್ದರೆ ಡಾಕ್ಟರ ಹತ್ತಿರ ಹೋಗ್ತಾರೆ. ನೋವೇ ಇಲ್ಲದೆ ದವಡೆ ಊದಿದರೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲ್ಲ. ನನ್ನ ಅಕ್ಕನ ಮಗನ ವಿಷಯದಲ್ಲಿ ಆಗಿದ್ದೂ ಇದೇ.

ಅಕ್ಕನ ಮನೆ ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದ ಹತ್ತಿರ. ಹಿತ್ತಲಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತೆ. ಆ ಸ್ವಾಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗ ಅಂತ ಅವಳ ನಂಬಿಕೆ. ಹುಡುಗನಿಗೆ 11 ತುಂಬಿದಾಗ ಕೆಳದವಡೆಯ ಎಡಗಡೆ ಗಟ್ಟಿಯಾದ ಉಬ್ಬು ಕಾಣಿಸಿತು. ಅದರ ಮೇಲಿದ್ದ ಹಾಲುಹಲ್ಲು ಹುಳುಕಾಗಿತ್ತು, ಆದರೆ ಬಿದ್ದಿರಲಿಲ್ಲ. ಗುಂಡ್ಲುಪೇಟೆಯ ದಂತವೈದ್ಯರು ನೋಡಿ, ಮೈಸೂರಿಗೆ ಹೋಗಿ ಇಡೀ ದವಡೆಯ ಎಕ್ಸ್‌ರೇ ತೆಗೆಸಿ ಅಂದರು.

ನಾನು ಬೆಂಗಳೂರಿನಿಂದ ರಜೆ ಹಾಕಿ ಹೋದೆ. ಎಕ್ಸ್‌ರೇಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಕಪ್ಪು ವೃತ್ತ. ಅದರ ತಳದಲ್ಲಿ, ಇನ್ನೂ ಹುಟ್ಟದ ಶಾಶ್ವತ ಹಲ್ಲು ಕೆಳಕ್ಕೆ ತಳ್ಳಿಸಿಕೊಂಡು ಕೂತಿತ್ತು. ಇದು ‘ಡೆಂಟಿಜೆರಸ್ ಸಿಸ್ಟ್’ ಇರಬಹುದು ಅಂದರು ಡಾಕ್ಟರು. ಹುಟ್ಟದ ಹಲ್ಲಿನ ತಲೆಯ ಸುತ್ತ ಇರೋ ಚೀಲದಲ್ಲಿ ದ್ರವ ತುಂಬಿಕೊಳ್ಳೋದು. ಇದು ಕ್ಯಾನ್ಸರ್ ಅಲ್ಲ. ಆದರೆ ಬೆಳೀತಾ ಬೆಳೀತಾ ಮೂಳೆ ಕರಗಿಸುತ್ತೆ, ಪಕ್ಕದ ಹಲ್ಲುಗಳನ್ನು ಸರಿಸುತ್ತೆ, ತೀರಾ ದೊಡ್ಡದಾದರೆ ದವಡೆಯೇ ಮುರಿಯಬಹುದು.

ನಮ್ಮ ಮುಂದೆ ಎರಡು ದಾರಿ ಇಟ್ಟರು. ಒಂದು, ಚೀಲವನ್ನು ಪೂರ್ತಿಯಾಗಿ ಬಿಡಿಸಿ ತೆಗೆಯೋದು. ಒಂದೇ ಸಲಕ್ಕೆ ಮುಗಿಯುತ್ತೆ, ಖಾಲಿ ಜಾಗದಲ್ಲಿ ತಿಂಗಳುಗಳ ಮೇಲೆ ಮೂಳೆ ತುಂಬಿಕೊಳ್ಳುತ್ತೆ. ಆದರೆ ಇವನ ಶಾಶ್ವತ ಹಲ್ಲೂ ಅದರ ಜೊತೆ ಹೋಗುವ ಸಂಭವ ಹೆಚ್ಚು. ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರವೂ ಹತ್ತಿರದಲ್ಲೇ ಇತ್ತು.

ಇನ್ನೊಂದು, ಹುಳುಕು ಹಲ್ಲನ್ನು ಕಿತ್ತು, ಅದೇ ಗುಂಡಿಯಲ್ಲಿ ಸಿಸ್ಟ್‌ಗೊಂದು ಕಿಂಡಿ ಮಾಡಿ, ಸಣ್ಣ ಕೊಳವೆ ಕೂರಿಸೋದು. ಒಳಗಿನ ಒತ್ತಡ ಇಳಿದರೆ ಚೀಲ ಕುಗ್ಗುತ್ತೆ, ಸುತ್ತ ಮೂಳೆ ಬೆಳೆಯುತ್ತೆ, ಮಕ್ಕಳಲ್ಲಿ ಎಷ್ಟೋ ಸಲ ಹಲ್ಲು ತಾನಾಗಿಯೇ ಮೇಲೆ ಬರುತ್ತೆ. ಜರ್ಮನಿಯ ಸರ್ಜನ್ ಕಾರ್ಲ್ ಪಾರ್ಚ್ 1892ರಲ್ಲೇ ಈ ಕಿಂಡಿಯ ವಿಧಾನವನ್ನು ವಿವರಿಸಿದ್ದರು. ಆದರೆ ಇದಕ್ಕೆ ತಿಂಗಳುಗಟ್ಟಲೆ ಬೇಕು. ದಿನಾ ಸಿರಿಂಜಿನಲ್ಲಿ ಸಲೈನ್ ಹಾಕಿ ತೊಳೀಬೇಕು. ಆಮೇಲೂ ಹಲ್ಲು ಬರದೆ, ಮತ್ತೊಂದು ಆಪರೇಷನ್ ಬೇಕಾಗಬಹುದು.

ಭಾವ ತಕ್ಷಣ, “ಒಂದೇ ಸಲ ತೆಗೆಸ್ಬುಡಾನ ಕಣಪ್ಪ, ಈ ಓಡಾಟ ಯಾರ ಕೈಲಾಯ್ತದೆ?” ಅಂದರು. ಅವರ ಮಾತು ತಪ್ಪೇನಲ್ಲ. ಮೈಸೂರಿಗೆ ಹೋಗಿ ಬರೋದಂದ್ರೆ ಒಂದು ದಿನದ ಹೊಲದ ಕೆಲಸ ಹೋದಂಗೆ. ಆಫೀಸಿನಲ್ಲಿ ನನಗೂ ಕೆಲಸ ಒಂದೇ ಸಲಕ್ಕೆ ಮುಗಿದರೇ ಸಮಾಧಾನ. ಅಕ್ಕ ಮಾತ್ರ ಡಾಕ್ಟರನ್ನೇ ಕೇಳಿದಳು: “ಹಲ್ಲು ಉಳಿಯೋ ದಾರಿ ಯಾವುದು ಸಾರ್? ತೊಳೆಯೋದು ನಾನು ನೋಡ್ಕತೀನಿ.”

ಕೊಳವೆ ಹಾಕುವಾಗ ಚೀಲದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಇದು ಬಹಳ ಮುಖ್ಯ. ‘ಕೆರಟೋಸಿಸ್ಟ್’ ಅನ್ನೋದು ಎಕ್ಸ್‌ರೇಯಲ್ಲಿ ಹೀಗೇ ಕಾಣಬಹುದು, ಆದರೆ ತೆಗೆದ ಮೇಲೂ ಮರುಕಳಿಸುವ ಸ್ವಭಾವದ್ದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನು ಗಡ್ಡೆಗಳ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್ ಅಂತಲೇ ಕರೆಯಿತು. ಅದಕ್ಕೆ ಕೆಲವೊಮ್ಮೆ ಸುತ್ತಲ ಮೂಳೆಯನ್ನೂ ಕೆರೆಯಬೇಕಾಗುತ್ತೆ, ವರ್ಷಗಟ್ಟಲೆ ಪರೀಕ್ಷೆಗೆ ಹೋಗ್ತಿರಬೇಕು. ಸತ್ತ ಹಲ್ಲಿನ ಬೇರಿನ ತುದಿಯಲ್ಲಾಗುವ ಸಣ್ಣ ಸಿಸ್ಟ್ ಆದರೆ ರೂಟ್ ಕೆನಾಲ್‌ನಿಂದಲೇ ವಾಸಿಯಾಗಬಹುದು. ಹೆಸರು ಗೊತ್ತಾಗದೆ ಚಿಕಿತ್ಸೆ ತೀರ್ಮಾನ ಮಾಡಕ್ಕಾಗಲ್ಲ. ನಮ್ಮ ರಿಪೋರ್ಟಿನಲ್ಲಿ ಡೆಂಟಿಜೆರಸ್ ಅಂತಲೇ ಬಂತು. ಆ ದಿನ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿ ಉಂಡರು.

ಮೊದಲ ವಾರ ಸಿರಿಂಜು ಕಂಡರೆ ಹುಡುಗ ಅಳುತ್ತಿದ್ದ. ತಿಂಗಳಾಗುವಷ್ಟರಲ್ಲಿ ಕನ್ನಡಿ ಮುಂದೆ ತಾನೇ ತೊಳೆದುಕೊಳ್ಳೋದು ಕಲಿತ. ಶ್ರಾವಣ ಶನಿವಾರ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಸರ್ಕಾರಿ ಬಸ್ಸು ಹತ್ತಿ ಮೇಲೆ ಹೋದಾಗಲೂ ಅಕ್ಕನ ಬ್ಯಾಗಿನಲ್ಲಿ ಹಣ್ಣುಕಾಯಿ ಜೊತೆ ಸಲೈನ್ ಬಾಟಲಿ ಇತ್ತು.

ಐದನೇ ತಿಂಗಳಲ್ಲಿ ಕೊಳವೆ ತೆಗೆದರು. ಒಂಬತ್ತನೇ ತಿಂಗಳಲ್ಲಿ ಹಲ್ಲು ಸ್ವಲ್ಪ ವಾಲಿಕೊಂಡೇ ಹೊರಗೆ ಬಂತು. ಕ್ಲಿಪ್ ಹಾಕಿಸಬೇಕಾಗಬಹುದು, ಆಗಾಗ ಎಕ್ಸ್‌ರೇ ಅಂತೂ ಇದ್ದೇ ಇದೆ.

ಎಲ್ಲರಿಗೂ ಇದೇ ದಾರಿ ಸರಿ ಅಂತಲ್ಲ. ವಯಸ್ಸಾದವರಿಗೆ, ಸಣ್ಣ ಸಿಸ್ಟ್ ಇದ್ದವರಿಗೆ, ಪದೇ ಪದೇ ಬರಲಾಗದವರಿಗೆ ಒಂದೇ ಸಲ ತೆಗೆಸೋದೇ ವಾಸಿ ಇರಬಹುದು. ಆದರೆ ಒಪ್ಪಿಗೆಗೆ ಸಹಿ ಹಾಕೋ ಮೊದಲು ಇಷ್ಟು ಕೇಳಿ: ಇದು ಯಾವ ಸಿಸ್ಟ್? ಹಲ್ಲು ಉಳಿಯುತ್ತಾ? ನರಕ್ಕೆ ಅಪಾಯ ಇದೆಯಾ? ಎಷ್ಟು ವರ್ಷ ತೋರಿಸ್ತಿರಬೇಕು? ಮಕ್ಕಳ ಹಾಲುಹಲ್ಲು ಒಂದು ಕಡೆ ಬಿದ್ದು, ಇನ್ನೊಂದು ಕಡೆ ಬಹಳ ದಿನ ಹಾಗೇ ಉಳಿದಿದ್ದರೆ, ನೋವು ಬರಲಿ ಅಂತ ಕಾಯದೆ ಒಮ್ಮೆ ತೋರಿಸಿಬಿಡಿ.