ಝಕರಿಯಾ ಎಂಬ ಹೆಸರು

ಕಳೆದ ವರ್ಷ ಅಥಣಿಯಲ್ಲಿರುವ ನನ್ನ ತಮ್ಮನಿಗೆ ಗಂಡು ಮಗು ಹುಟ್ಟಿತು. ಅಕೀಕಾದ ಹಿಂದಿನ ದಿನ ಹೆಸರಿನ ಮಾತು ಬಂದಾಗ ಅವನು ತಡಮಾಡದೆ “ಝಕರಿಯಾ” ಎಂದನು. ಅದು ನಮ್ಮ ಮಾಮುವಿನ, ಅಂದರೆ ಅಮ್ಮಿಯ ಅಣ್ಣನ ಹೆಸರು. ಅಮ್ಮಿ ಒಪ್ಪಲಿಲ್ಲ. “ಆ ಹೆಸರಿನವನ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಮಗುವಿಗೆ ಅದು ಬೇಡ” ಎಂದರು.

ಮಾಮು ನಿಪ್ಪಾಣಿಯಲ್ಲಿ ತಂಬಾಕಿನ ವಖಾರದ ಕೆಲಸಗಾರರಾಗಿದ್ದರು. ಮುಮಾನಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ನಮ್ಮ ತಂದೆ ತೀರಿಕೊಂಡಾಗ ತಮ್ಮ ಇನ್ನೂ ನಡೆಯಲು ಕಲಿತಿರಲಿಲ್ಲ. ಮಾಮು ನಮ್ಮ ಮೂವರನ್ನೂ ತಮ್ಮ ಮನೆಗೆ ಕರೆತಂದರು. ನನ್ನ ಮದರಸಾದ ಖರ್ಚು, ಮುಂದೆ ಬಿ.ಎ. ಪರೀಕ್ಷೆಯ ಶುಲ್ಕ, ತಮ್ಮನ ಶಾಲೆಯ ಚೀಲ, ಎಲ್ಲವೂ ಅವರ ಕೂಲಿಯಿಂದಲೇ ಬಂದವು. ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ, “ಹೆಸರೇನೋ ಝಕರಿಯಾ, ಯಹ್ಯಾ ಎಲ್ಲಿ?” ಎಂದು ನಗೆಯಾಡಿದರು. ಮಾಮು ತಾವೂ ನಕ್ಕು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಮುಮಾನಿ ಮಾತ್ರ ಅಂದು ಊಟ ಮಾಡಲಿಲ್ಲ.

ತಮ್ಮ ನನ್ನತ್ತ ತಿರುಗಿ, “ಭಾಯಿ, ನೀವೇ ಹೇಳಿ” ಎಂದನು. ಅಪಶಕುನವೆಂಬುದಿಲ್ಲ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾನು ಮೊದಲು ನೆನಪಿಸಿದೆ. ಹಿಂದಿನ ಜನರು ತಮ್ಮ ಪ್ರವಾದಿಗಳ ಮತ್ತು ಸಜ್ಜನರ ಹೆಸರುಗಳನ್ನು ಮಕ್ಕಳಿಗೆ ಇಡುತ್ತಿದ್ದರು ಎಂದು ಅವರು ಹೇಳಿದ್ದು ಸಹೀಹ್ ಮುಸ್ಲಿಮಿನಲ್ಲಿದೆ. ಅದನ್ನೂ ಹೇಳಿದೆ. ಅಮ್ಮಿಗೆ ಇವೆಲ್ಲ ಗೊತ್ತಿದ್ದವೇ. ಗೊತ್ತಿದ್ದ ಮಾತ್ರಕ್ಕೆ ಮನಸ್ಸಿನ ಅಳುಕು ಹೋಗುವುದಿಲ್ಲ. ಆಗ ನಾನು ಹೆಸರಿನ ಅರ್ಥವನ್ನು ಹೇಳತೊಡಗಿದೆ.

ಮದರಸಾದ ವ್ಯಾಕರಣ ಪಾಠದಲ್ಲಿ ಝಕರಿಯಾ ಎಂಬುದು ಅಜಮಿ ಹೆಸರು, ಅರಬಿ ಮೂಲದ್ದಲ್ಲ ಎಂದಷ್ಟೇ ಕಲಿತಿದ್ದೆವು. ಅರ್ಥವನ್ನು ಯಾರೂ ಕೇಳಲಿಲ್ಲ. ಅದು ಹೀಬ್ರೂ ಹೆಸರು. ‘ಝಖರ್’ ಎಂದರೆ ‘ನೆನೆದನು’, ‘ಯಾಹ್’ ಎಂಬುದು ಬನೂ ಇಸ್ರಾಈಲರು ಪ್ರಭುವಿಗೆ ಬಳಸುತ್ತಿದ್ದ ನಾಮ. ‘ಪ್ರಭು ನೆನೆದನು’ ಎಂಬುದೇ ಇಡೀ ಹೆಸರಿನ ಅರ್ಥ. ಅವರಲ್ಲಿ ಇದು ತೀರ ಸಾಮಾನ್ಯ ಹೆಸರಾಗಿತ್ತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೇ ಈ ಹೆಸರಿನವರು 20ಕ್ಕೂ ಹೆಚ್ಚು ಮಂದಿ ಇದ್ದಾರೆ.

ಹೀಬ್ರೂವಿನ ‘ಝಖರ್’ ಅರಬಿಯಲ್ಲಿ ‘ಝಕರ’ ಆಗುತ್ತದೆ. ನಾವು ದಿನವೂ ಆಡುವ ‘ಝಿಕ್ರ್’ ಅದರಿಂದಲೇ ಬಂದದ್ದು. ಬಿ.ಎ. ತರಗತಿಯ ಭಾಷಾವಿಜ್ಞಾನದ ಪಾಠದಲ್ಲಿ ತಮಿಳಿನ ‘ಪಾಲ್’ ಕನ್ನಡದಲ್ಲಿ ‘ಹಾಲು’, ‘ಪುಲಿ’ ನಮ್ಮಲ್ಲಿ ‘ಹುಲಿ’ ಎಂದು ಕಲಿತದ್ದು ನೆನಪಿರಬಹುದು. ಒಂದೇ ತಾಯಿಯ ಎರಡು ಭಾಷೆಗಳಲ್ಲಿ ಅಕ್ಷರಗಳು ಹೀಗೆ ನಿಯಮಬದ್ಧವಾಗಿ ಬದಲಾಗುತ್ತವೆ. ಹೀಬ್ರೂವಿನ ‘ಝಾಯಿನ್’ ಹಲವು ಶಬ್ದಗಳಲ್ಲಿ ಅರಬಿಯ ‘ಝಾಲ್’ ಆಗಿದೆ. ಬಂಗಾರ ಅವರಿಗೆ ‘ಝಹಾವ್’, ಅರಬರಿಗೆ ‘ಝಹಬ್’. ಕಿವಿ ಅವರಿಗೆ ‘ಓಝೆನ್’, ಅರಬರಿಗೆ ‘ಉಝುನ್’. ಆದರೆ ಝಕರಿಯಾ ಎಂಬ ಹೆಸರನ್ನು ಅರಬಿಯಲ್ಲಿ ಝಾಲ್‌ನಿಂದ ಬರೆಯದೆ ‘ಝಾ’ ಅಕ್ಷರದಿಂದ ಬರೆಯುತ್ತಾರೆ. ಆದುದರಿಂದ ಝಿಕ್ರಿಗೂ ಝಕರಿಯಾಗೂ ಇರುವ ನಂಟು ಅರಬಿ ಓದುವವನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಝಾಲನ್ನು ಝಾ ಎಂದು ಉಚ್ಚರಿಸುವ ಮಕ್ಕಳನ್ನು ನಾನು ಇಪ್ಪತ್ತು ವರ್ಷಗಳಿಂದ ತಿದ್ದುತ್ತ ಬಂದವನು. ಎರಡಕ್ಕೂ ಒಂದೇ ‘ಝ’ ಬರೆಯುವ ನಮ್ಮ ಕನ್ನಡ ಲಿಪಿಯಲ್ಲಿ ಮಾತ್ರ ಆ ನಂಟು ತಾನಾಗಿಯೇ ಎದ್ದು ಕಾಣುತ್ತದೆ!

ಈಗ ಸೂರಃ ಮರ್ಯಮ್ ತೆರೆಯಿರಿ. ಆರಂಭದ ಬಿಡಿ ಅಕ್ಷರಗಳಾದ ಮೇಲೆ ಬರುವ ಮೊದಲ ಪದವೇ ‘ಝಿಕ್ರ್’, ಆ ಸೂಕ್ತದ ಕೊನೆಯ ಪದ ‘ಝಕರಿಯಾ’. ಪ್ರಭುವು ತನ್ನ ದಾಸ ಝಕರಿಯಾರ(ಅ) ಮೇಲೆ ತೋರಿದ ಕರುಣೆಯ ಸ್ಮರಣೆ ಇದು ಎಂಬುದು ಅದರ ಆಶಯ. ಹೆಸರಿನೊಳಗೆ ಹುದುಗಿದ್ದ ಅರ್ಥ ಹೆಸರಿನ ಪಕ್ಕದಲ್ಲಿಯೇ ಇದೆ. ಮಗನ ವಿಷಯವೂ ಹೀಗೆಯೇ. ಯಹ್ಯಾರನ್ನು(ಅ) ಹೀಬ್ರೂವಿನಲ್ಲಿ ಯೋಹಾನಾನ್ ಎನ್ನುತ್ತಾರೆ, ‘ಪ್ರಭು ಕೃಪೆ ತೋರಿದನು’ ಎಂದು ಅರ್ಥ. ಅದೇ ಸೂರಃದ 13ನೆಯ ಸೂಕ್ತವು ಅವರಿಗೆ ಅಲ್ಲಾಹನು ‘ಹನಾನ್’ ಅಂದರೆ ಅಂತಃಕರಣವನ್ನು ದಯಪಾಲಿಸಿದ್ದನ್ನು ಹೇಳುತ್ತದೆ. ಆ ಪದ ಇಡೀ ಕುರ್‌ಆನಿನಲ್ಲಿ ಇನ್ನೆಲ್ಲಿಯೂ ಬರುವುದಿಲ್ಲ. ಇದು ನನ್ನ ಓದು ಮಾತ್ರ, ತಫ್ಸೀರ್ ಎಂದು ಯಾರೂ ಭಾವಿಸಬಾರದು.

ಅಮ್ಮಿ ಇಷ್ಟನ್ನೂ ಸುಮ್ಮನೆ ಕೇಳಿ, “ಆ ಝಕರಿಯಾರಿಗೆ ಕೊನೆಗಾದರೂ ಮಗ ಹುಟ್ಟಿದ. ನನ್ನ ಅಣ್ಣನಿಗೆ?” ಎಂದರು.

ಉತ್ತರ ನನ್ನಲ್ಲಿ ಸಿದ್ಧವಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ: ‘ಪ್ರಭು ನೆನೆದನು’ ಎಂಬ ಹೆಸರನ್ನು ಅವರಿಗೆ ಮಗ ಹುಟ್ಟಿದ ಮೇಲೆ ಇಟ್ಟದ್ದಲ್ಲ. ಮೂಳೆ ಸವೆದು ತಲೆ ನರೆಯುವವರೆಗೂ ಮಕ್ಕಳಿಲ್ಲದೆಯೇ ಅವರು ಆ ಹೆಸರನ್ನು ಹೊತ್ತಿದ್ದರು. ಮೆಲುದನಿಯ ಆ ದುಆದಲ್ಲಿ, ಇನ್ನೂ ಸುವಾರ್ತೆ ಬರುವ ಮೊದಲೇ, ನಿನ್ನನ್ನು ಕರೆದು ನಾನೆಂದೂ ನಿರಾಶನಾದವನಲ್ಲ ಎಂದು ಅವರು ಅರಿಕೆ ಮಾಡಿಕೊಳ್ಳುತ್ತಾರೆ. ಇನ್ನೊಂದು ಸಂಗತಿಯಿದೆ. ಮುಸ್‌ಹಫನ್ನು ಮೊದಲಿನಿಂದ ಓದುತ್ತ ಹೋದರೆ ಝಕರಿಯಾ(ಅ) ಎಂಬ ಹೆಸರು ನಮಗೆ ಮೊದಲು ಸಿಗುವುದು ಆಲು ಇಮ್ರಾನಿನ 37ನೆಯ ಸೂಕ್ತದಲ್ಲಿ. ಅಲ್ಲಿ ಅವರು ಯಹ್ಯಾರ ತಂದೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಬೇರೆಯವರ ಮಗಳಾದ ಮರ್ಯಮರನ್ನು(ಅ) ಸಾಕುವ ಹೊಣೆ ಹೊತ್ತವರಾಗಿ ಕಾಣಿಸಿಕೊಳ್ಳುತ್ತಾರೆ. ಪ್ರವಾದಿವರ್ಯರು(ಸ) ಅವರನ್ನು ಬಡಗಿ ಎಂದು ಪರಿಚಯಿಸಿದ್ದಾರೆ. ಕೈದುಡಿಮೆಯಲ್ಲಿಯೇ ಅವರು ಬದುಕಿದ್ದರು.

ಅಮ್ಮಿ ಮಾತನಾಡಲಿಲ್ಲ. ತಮ್ಮ ತಲೆ ತಗ್ಗಿಸಿ ಕುಳಿತಿದ್ದನು. ಮಾಮುವಿನ ಜನಾಝಾಕ್ಕೆ ಹೆಗಲು ಕೊಟ್ಟವರಲ್ಲಿ ಮುಂದೆ ಇದ್ದವರು ನಾವಿಬ್ಬರೇ.

ಲೂಕನ ಸುವಾರ್ತೆಯಲ್ಲಿಯೂ ಹೆಸರಿನದೇ ಒಂದು ಜಗಳವಿದೆ. ಮಗುವಿಗೆ ತಂದೆಯ ಹೆಸರಾದ ಝಕರಿಯಾ ಎಂದೇ ಇಡಬೇಕೆಂದು ನೆಂಟರು ಹಟ ಹಿಡಿಯುತ್ತಾರೆ, ತಾಯಿ ಕೂಡದೆನ್ನುತ್ತಾಳೆ. ನಮ್ಮ ಮನೆಯ ಜಗಳ ಹೊಸದೇನಲ್ಲ ಎಂದು ಅಂದು ನನಗೆ ನಗು ಬಂತು.

ಮರುದಿನ ಕುರಿ ಕೊಯ್ದು, ಮಗುವಿನ ತಲೆ ಬೋಳಿಸಿ, ಕೂದಲ ತೂಕದ ಬೆಳ್ಳಿಯ ಬೆಲೆಯನ್ನು ದಾನ ಮಾಡಿದೆವು. ಹೆಸರು ಝಕರಿಯಾ ಎಂದೇ ಆಯಿತು. ಅಮ್ಮಿ ತಡೆಯಲಿಲ್ಲ. ಆದರೆ ಅವರು ಇಂದಿಗೂ ಮಗುವನ್ನು ಮುನ್ನಾ ಎಂದೇ ಕರೆಯುತ್ತಾರೆ. ನಾನು ತಿದ್ದಲು ಹೋಗಿಲ್ಲ.